ಅಕ್ಷರ ನುಂಗುವ ಊರು

ತಂಗಿಯ ಮಗಳಿಗೆ ಸ್ಪ್ಯಾನಿಶ್ ಕಲಿಯುವ ಹುಚ್ಚು ಹಿಡಿದಿದೆ. ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ, ಫೋನಿನ ಆ್ಯಪ್‌ನಲ್ಲಿ ಅಷ್ಟಿಷ್ಟು ಕಲಿತು, ಈಗ ಸ್ಪೇನಿಗೇ ಹೋಗಿ ಒಂದು ಬೇಸಿಗೆ ಕೋರ್ಸ್ ಮಾಡಿಕೊಂಡು ಬರುತ್ತೇನೆಂದು ಪಟ್ಟು ಹಿಡಿದು ಕೂತಿದ್ದಾಳೆ. ಹೋದ ತಿಂಗಳು ಒಂದು ರಾತ್ರಿ ವಾಟ್ಸ್‌ಆ್ಯಪ್‌ಗೆ ಸಾಲು ಸಾಲು ಫೋಟೊ ಬಂದವು. ಕೆಳಗೊಂದು ಸಾಲು: "ದೊಡ್ಡಮ್ಮ, ನೀವ್ ಹೋದ್ ಊರ್ ಇದೇ ಅಲ್ದಾ? ಈ ಮನಿ ಹ್ಯಾಂಗಿತ್ತ್ ಕಾಣಿ."

ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆ. ಬಿಳಿ ಗೋಡೆ, ಒಳಗೆ ಪುಟ್ಟ ಅಂಗಳ, ಅಂಗಳದ ಮಧ್ಯೆ ಅಮೃತಶಿಲೆಯ ಬಾವಿಕಟ್ಟೆ, ಅದರ ಮೇಲೊಂದು ಹೂಕುಂಡ. ಫೋಟೊ ದೊಡ್ಡದು ಮಾಡಿ ನೋಡಿದೆ. ಬಾವಿಕಟ್ಟೆಯ ಅಂಚಿನಲ್ಲಿ ಅಂಗೈಯಗಲ ಚಕ್ಕೆ ಎದ್ದು ಹೋಗಿತ್ತು. ಆ ಚಕ್ಕೆ ಹಾರಿದ ಹೊತ್ತಿಗೆ ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದೆ. ಗ್ಯಾಸ್ ತರುವ ಹುಡುಗ ಕಿತ್ತಳೆ ಬಣ್ಣದ ಸಿಲಿಂಡರನ್ನು ಹೆಗಲಿಂದ ಇಳಿಸುವಾಗ ಕೈ ಜಾರಿತ್ತು. ಎಲ್ಲ ಮಹಡಿಗಳ ಹೆಂಗಸರೂ ಕಿಟಕಿಗೆ ಬಂದು ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದ್ದರು. ದೆಹಲಿಯಲ್ಲಿ ಸ್ಪ್ಯಾನಿಶ್ ಎಂ.ಎ. ಓದುತ್ತಿದ್ದ, ತರಗತಿಗೆ ಮೊದಲಿಗಳೆನಿಸಿಕೊಂಡಿದ್ದ ನನಗೆ ಅವರ ಬೈಗುಳದಲ್ಲಿ ಒಂದು ಪದವೂ ಹಿಡಿಯಲು ಸಿಕ್ಕಿರಲಿಲ್ಲ. ಆದರೆ ಆ ರಾಗ ಗೊತ್ತಿತ್ತು. ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ಬುಟ್ಟಿ ಎಡವಿದವನಿಗೆ ಬೀಳುವ ಬೈಗುಳ ಅದೇ ರಾಗದಲ್ಲಿರುತ್ತದೆ.

ಊರು ಕಾದಿಸ್. ಸ್ಪೇನಿನ ದಕ್ಷಿಣಕ್ಕೆ, ಆಂದಲೂಸಿಯಾ ಪ್ರಾಂತದಲ್ಲಿ, ಅಟ್ಲಾಂಟಿಕ್ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಊರು. ಸುತ್ತ ನೀರು, ನೆಲಕ್ಕೆ ಸೇರಿಸುವುದು ಮರಳಿನ ಒಂದು ಸಪೂರ ಪಟ್ಟಿ. ನಮ್ಮ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ ಇದೆಯಲ್ಲ, ಅದೇ ಹೆದ್ದಾರಿಯ ತುದಿಗೆ ಒಂದಿಡೀ ಪೇಟೆ ಕಟ್ಟಿದರೆ ಹೇಗಿದ್ದೀತೋ ಹಾಗೆ. ಫಿನೀಶಿಯಾದ ವ್ಯಾಪಾರಿಗಳು ಕ್ರಿಸ್ತಪೂರ್ವ 1100ರ ಸುಮಾರಿಗೆ ಕಟ್ಟಿದ ಊರೆಂಬುದು ಹಳೆಯ ನಂಬಿಕೆ. ಅಗೆದವರಿಗೆ ಸಿಕ್ಕಿರುವ ಮನೆಗಳು ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದಷ್ಟು ಹಳೆಯವು. ಅಷ್ಟು ಹಳೆಯ ಊರಿಗೆ ಕುಡಿಯುವ ನೀರಿನ ತತ್ವಾರ ತಪ್ಪಿರಲಿಲ್ಲ. ಹಾಗಾಗಿ ಹಳೆಯ ಮನೆಗಳ ತಾರಸಿಗೆ ಬಿದ್ದ ಮಳೆನೀರೆಲ್ಲ ಕೊಳವೆಯಲ್ಲಿಳಿದು ಅಂಗಳದಡಿಯ ತೊಟ್ಟಿ ಸೇರುವಂತೆ ಕಟ್ಟಿದ್ದರು. ಫೋಟೊದಲ್ಲಿದ್ದ ಬಾವಿಕಟ್ಟೆ ಬಾವಿಯದ್ದಲ್ಲ, ಆ ತೊಟ್ಟಿಯ ಬಾಯಿ. ಈಗ ಅದರ ಮೇಲೆ ಹೂಕುಂಡ ಇಟ್ಟು "ಹದಿನೆಂಟನೆಯ ಶತಮಾನದ ಸೊಗಸು" ಎಂದು ಬರೆದು ದುಡ್ಡು ಮಾಡುತ್ತಾರೆ.

2010ರ ಜುಲೈಯಲ್ಲಿ ಒಂದು ವಿದ್ಯಾರ್ಥಿವೇತನದ ಕೃಪೆಯಿಂದ ನಾನು ಅಲ್ಲಿಗೆ ಹೋದದ್ದು. ಪಾಠ, ಊಟ, ವಸತಿ ಎಲ್ಲ ಅದರಲ್ಲೇ ಸೇರಿತ್ತು. ಟಿಕೆಟ್ಟಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಶಾಲೆಯ ಬಣ್ಣದ ಪುಸ್ತಿಕೆಯಲ್ಲಿ ಕಡಲು, ಕೊಡೆ, ನಗುವ ಹುಡುಗರು, ಅದರಡಿಯಲ್ಲಿ "ಸ್ಪೇನಿನ ಒಂದು ಕುಟುಂಬದ ಸದಸ್ಯರಾಗಿ" ಎಂಬ ಮಾತು. ಕಡಲು ಎಂದರೆ ನನಗೇನೂ ಹೊಸದಲ್ಲ. ಆದರೆ ಜುಲೈ ತಿಂಗಳ ಕಡಲೆಂದರೆ ನನಗೆ ಗೊತ್ತಿದ್ದದ್ದು ಕೆಂಪು ನೀರು, ದಡ ಕಡಿಯುವ ಅಲೆ, ದಡಕ್ಕೆ ಎಳೆದು ಮಡಲು ಮುಚ್ಚಿಟ್ಟ ದೋಣಿಗಳು, ಮೀನಿಲ್ಲದೆ ಒಣಮೀನು ಸುಡುವ ಒಲೆ. ಇಲ್ಲಿ ಅದೇ ಜುಲೈಯಲ್ಲಿ, ಅದೇ ಪಡುವಣಕ್ಕೆ ಮುಖ ಮಾಡಿದ ಕಡಲಲ್ಲಿ, ಅಜ್ಜಿಯರು ಸೊಂಟದ ಮಟ್ಟ ನೀರಲ್ಲಿ ನಿಂತು ಮೊಮ್ಮಕ್ಕಳ ಮದುವೆ ಮಾತಾಡುತ್ತಿದ್ದರು.

ಲಾ ಕಾಲೆತಾ ಎಂಬುದು ಹಳೇ ಪೇಟೆಯ ಕಡಲತೀರ. ಎರಡು ಕೋಟೆಗಳ ನಡುವಿನ ಸಣ್ಣ ಕೊಲ್ಲಿ. ಮಧ್ಯೆ 1926ರಲ್ಲಿ ಕಟ್ಟಿದ ಬಿಳಿಯ ಸ್ನಾನಗೃಹ ಎರಡು ಕೈ ಚಾಚಿ ನಿಂತಿದೆ. 2002ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಇದೇ ತೀರವನ್ನು ಕ್ಯೂಬಾದ ಹವಾನಾ ಎಂದು ತೋರಿಸಿದ್ದರು. ಊರಿನವರಿಗೆ ಅದು ಹೆಮ್ಮೆಯೂ ಹೌದು, ತಮಾಷೆಯೂ ಹೌದು. ಬೆಳಿಗ್ಗೆ ಹತ್ತಕ್ಕೆಲ್ಲ ಲಾ ವಿನ್ಯಾ ಕೇರಿಯ ಹೆಂಗಸರು ಮಡಚುವ ಮೇಜು, ಕುರ್ಚಿ, ಅನ್ನ–ಪಲ್ಯ ತುಂಬಿದ ಡಬ್ಬಿ, ಐಸ್ ಪೆಟ್ಟಿಗೆ ಎಲ್ಲ ಹೊತ್ತು ಬಂದು ಸಂಸಾರ ಹೂಡುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ದುಂಡಗೆ ಕೂತು ಬಿಂಗೊ ಆಡುವುದು. ಚೀಲದಿಂದ ಅಂಕಿ ಎತ್ತಿ ಕೂಗುವವಳ ಗಂಟಲು ಕೋಟೆಯ ಗೋಡೆಗೆ ಕೇಳಬೇಕು. ಪಣ ಬರೀ ಚಿಲ್ಲರೆ ಕಾಸು, ಜಗಳ ಮಾತ್ರ ಆಸ್ತಿ ಪಾಲಿನದ್ದು. ಇಳಿತದ ಹೊತ್ತಿಗೆ ನೀರು ದೂರ ಸರಿದು ಬಂಡೆ ಎದ್ದಾಗ ಮಕ್ಕಳು, ಮುದುಕರು ಬಾಲ್ದಿ ಹಿಡಿದು ಶಂಖದಹುಳು ಹೆಕ್ಕಲು ಹೊರಡುತ್ತಿದ್ದರು. ನಾನೂ ಹೋದೆ. ಕಪ್ಪೆಚಿಪ್ಪು ಹೆಕ್ಕಿ ಬೆಳೆದ ಬೆರಳುಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಾಲೆಯ ಜರ್ಮನ್ ಸಹಪಾಠಿಗಳು ದಡದಲ್ಲಿ ನಿಂತು ಫೋಟೊ ತೆಗೆದರು.

ಶಾಲೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬೆಳಿಗ್ಗೆ ವ್ಯಾಕರಣ, ಆಮೇಲೆ ಸಂಭಾಷಣೆ, ವಾರಕ್ಕೊಂದು ಸುತ್ತಾಟ. ಸಾನ್ ಫೆಲಿಪೆ ನೇರಿ ಎಂಬ ದುಂಡನೆಯ ಪುಟ್ಟ ಇಗರ್ಜಿಗೆ ಕರೆದೊಯ್ದು, ನೆಪೋಲಿಯನ್ನನ ಸೇನೆ ಊರನ್ನು ಮುತ್ತಿ ಕೂತಿದ್ದಾಗಲೇ 1812ರ ಮಾರ್ಚ್ 19ರಂದು ಸ್ಪೇನಿನ ಮೊದಲ ಸಂವಿಧಾನ ಇಲ್ಲಿಂದ ಹೊರಟಿತೆಂದು ತೋರಿಸಿದರು. ಆ ಸಭೆಯಲ್ಲಿ ಅಮೆರಿಕ ಖಂಡದ ವಸಾಹತುಗಳ ಪ್ರತಿನಿಧಿಗಳೂ ಕೂತಿದ್ದರಂತೆ. ಇನ್ನೂರು ವರ್ಷದ ಹಬ್ಬಕ್ಕೆ ಊರು ಸಿಂಗಾರಗೊಳ್ಳುತ್ತಿತ್ತು. ಕೊಲ್ಲಿಗೆ ಅಡ್ಡಲಾಗಿ ಹೊಸ ಸೇತುವೆ ಕಟ್ಟುತ್ತಿದ್ದರು. ಅದು 2012ಕ್ಕೆ ಮುಗಿಯಲಿಲ್ಲ, 2015ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ನಮ್ಮ ಕಡೆಯ ಹೆದ್ದಾರಿ ಕಾಮಗಾರಿ ಕಂಡವರಿಗೆ ಇದೇನೂ ದೊಡ್ಡದಲ್ಲ.

ತರಗತಿಯಲ್ಲಿ ನಮಗೆ ಕಲಿಸುತ್ತಿದ್ದದ್ದು ಮ್ಯಾಡ್ರಿಡ್ ಕಡೆಯ ಉಚ್ಚಾರ. ನಾಲಿಗೆಯನ್ನು ಹಲ್ಲುಗಳ ನಡುವೆ ತಂದು ಹೇಳಬೇಕಾದ ಅಕ್ಷರವನ್ನು ಕನ್ನಡಿ ಹಿಡಿದು ಅಭ್ಯಾಸ ಮಾಡಿಸುತ್ತಿದ್ದರು. ಅದೇ ಮೇಡಂ ಕಾರಿಡಾರಿಗೆ ಬಂದು ಜಾಡಮಾಲಿಯೊಡನೆ ಮಾತಾಡುವಾಗ ಆ ಅಕ್ಷರ ಮಾಯ. ಕಾದಿಸ್‌ನವರು ಅದನ್ನು ಹೇಳುವುದಿಲ್ಲ, ಎಲ್ಲ 'ಸ'ಕಾರವೇ. ಆ ಸಕಾರವೂ ಪದದ ಕೊನೆಗೆ ಬಂದರೆ ಬರೀ ಉಸಿರಾಗುತ್ತದೆ, ಇಲ್ಲವೇ ಅದೂ ಇಲ್ಲ. ನಡುವಿನ 'ದ' ಜಾರಿ ಹೋಗುತ್ತದೆ. ತಮ್ಮ ಊರಿನ ಹೆಸರನ್ನೂ ಅವರು ಬಿಡುವುದಿಲ್ಲ: ಕಾದಿಸ್ ಅವರ ಬಾಯಲ್ಲಿ 'ಕಾಯ್'.

ಅಕ್ಷರ ನುಂಗುವುದು ನಮಗೆ ಯಾರೂ ಕಲಿಸಬೇಕಿಲ್ಲ. ಹೋಗಬೇಕು ಎನ್ನುವುದನ್ನು 'ಹೋಯ್ಕ್' ಎಂದು ಮುಗಿಸುವ ಕುಂದಾಪ್ರದವಳು ನಾನು. ಬಿ.ಎ. ಓದಲು ಬೆಂಗಳೂರಿಗೆ ಬಂದ ಹೊಸದರಲ್ಲಿ ಪಿ.ಜಿ.ಯ ಹುಡುಗಿಯರು "ಇನ್ನೊಂದು ಸಲ ಹೇಳೇ, ಇನ್ನೊಂದು ಸಲ" ಎಂದು ಸುತ್ತ ಕೂತು ನಗುತ್ತಿದ್ದರು. ದ್ವೇಷವೇನಿಲ್ಲ, ಸಿನಿಮಾದಲ್ಲಿ ಅಡುಗೆಭಟ್ಟನ ಬಾಯಲ್ಲಿ ಕರಾವಳಿಯ ಕನ್ನಡ ಕೇಳಿ ನಕ್ಕು ಅಭ್ಯಾಸವಾಗಿದ್ದ ಜನ. ದಸರೆ ರಜೆಯೊಳಗೆ ನಾನು ಒಳ್ಳೆಯ ಪೇಟೆ ಕನ್ನಡ ಕಲಿತುಬಿಟ್ಟೆ. ಊರಿನ ಮಾತು ಅಮ್ಮನ ಫೋನಿಗೆ ಮಾತ್ರ, ಅದೂ ಬಾಗಿಲು ಹಾಕಿಕೊಂಡು. ಸ್ಪೇನಿನಲ್ಲೂ ಲೆಕ್ಕ ಇದೇ ಎಂದು ಆಮೇಲೆ ತಿಳಿಯಿತು. ಅಲ್ಲಿನ ಹಳೆಯ ಸಿನಿಮಾಗಳಲ್ಲಿ ಮನೆಗೆಲಸದವಳು, ನಗಿಸುವವನು, ಸೋಮಾರಿ, ಇವರೆಲ್ಲ ಆಂದಲೂಸಿಯಾದ ಮಾತಿನವರು.

ನಾನು ಉಳಿದುಕೊಂಡಿದ್ದ ಮನೆಯ ಒಡತಿಗೆ ಆಗ ಅರವತ್ತರ ಹತ್ತಿರ. ಗಿಡ್ಡ ಆಳು, ಬೆಳಿಗ್ಗೆ ಎದ್ದರೆ ರಾತ್ರಿಯವರೆಗೆ ಏಪ್ರನ್ ಬಿಚ್ಚಿದ್ದು ಕಂಡಿಲ್ಲ. ಹೆಸರು ಹಿಡಿದು ಏಕವಚನದಲ್ಲಿ ಕರೆಯಬೇಕೆಂದು ಶಾಲೆಯವರು ಹೇಳಿಕೊಟ್ಟಿದ್ದರು. ಅಮ್ಮನಿಗಿಂತ ಹಿರಿಯಳನ್ನು ಹಾಗೆ ಕರೆಯಲು ಬಾಯಿ ಬರಲಿಲ್ಲ. 'ದೊಣ್ಯಾ' ಸೇರಿಸಿ ಕರೆದೆ. ನಕ್ಕರು, ಒಪ್ಪಿಕೊಂಡರು. ಮೊದಲ ದಿನಗಳಲ್ಲಿ ಅವರು ನನ್ನೊಡನೆ ಆಡಿದ್ದು ರೇಡಿಯೊ ವಾರ್ತೆಯ ಸ್ಪ್ಯಾನಿಶ್: "ನಿನಗೆ ಇನ್ನು ಸ್ವಲ್ಪ ಸೂಪ್ ಬೇಕಾಗಿದೆಯೇ?" ಪ್ರತಿ ಪದದ ಕೊನೆಯ ಸಕಾರವನ್ನೂ ತೂಕ ಹಾಕಿ ಇಡುತ್ತಿದ್ದರು. ವಿದ್ಯಾರ್ಥಿಗಳೊಡನೆ 'ಸರಿಯಾಗಿ' ಮಾತಾಡಿ ಎಂದು ಶಾಲೆಯಿಂದ ತಾಕೀತಾಗಿತ್ತಂತೆ. ಹಿಂದೊಮ್ಮೆ ಒಬ್ಬ ಹುಡುಗ ಇವರ ಮಾತು ಅರ್ಥವಾಗುವುದಿಲ್ಲವೆಂದು ದೂರು ಕೊಟ್ಟಿದ್ದನಂತೆ.

ಊಟದ ವಿಷಯದಲ್ಲಿ ಮಾತು ಹಳಿ ತಪ್ಪಿತು. ಭಾರತದವಳು, ಶಾಕಾಹಾರಿ ಎಂದು ಶಾಲೆಯ ಚೀಟಿಯಲ್ಲಿ ಬರೆದು ಕಳಿಸಿದ್ದರು. ನನ್ನನ್ನು ಕೇಳಿದವರಿಲ್ಲ. ಬಂದಾಗಿನಿಂದ ಪಾಲಕ್–ಕಡಲೆ, ಬದನೆಕಾಯಿ, ಆಲೂಗಡ್ಡೆ ಆಮ್ಲೆಟ್. ಪಕ್ಕದ ಕೋಣೆಯ ಡಚ್ ಹುಡುಗನ ತಟ್ಟೆಯಲ್ಲಿ ಮಾತ್ರ ಎದುರೆದುರೇ ಹುರಿದ ಮೀನು. ಒಂದು ಮಧ್ಯಾಹ್ನ ಮಸಾಲೆಯಲ್ಲಿ ನೆನೆಸಿ ಕರಿದ ಮರಿ ತಾಟೆ ಮೀನು. ವಿನೆಗರ್, ಜೀರಿಗೆ, ಬೆಳ್ಳುಳ್ಳಿಯ ಪರಿಮಳ. ನನ್ನಿಂದ ತಡೆಯಲಾಗಲಿಲ್ಲ. ನಮ್ಮೂರೂ ಕಡಲ ಬದಿಯದು, ಮೀನಿಲ್ಲದೆ ನಮಗೆ ಅನ್ನ ಇಳಿಯುವುದಿಲ್ಲ ಎಂದೆ. ಅವರು ಹುಟ್ಟು ಕೈಯಲ್ಲೇ ಹಿಡಿದು ಕಿಟಕಿಗೆ ಓಡಿ, ಎದುರು ಮನೆಯ ತಂಗಿಗೆ ಅಂಗಳದಾಚೆಗೆ ಕೂಗಿ ಹೇಳಿದರು. ಆ ಕೂಗು ನನ್ನ ಕಿವಿಗೆ ಬಿದ್ದದ್ದು ನಮ್ಮ ಭಾಷೆಯಲ್ಲೇ: "ಹ್ವಾಯ್, ಕೇಂಡ್ಯಾ? ಇದಕ್ಕ್ ಮೀನ್ ಬೇಕಂಬ್ರ್!"

ಅಂದಿನಿಂದ ಸಕಾರಗಳು ಉದುರಿದವು.

ಬೆಳಿಗ್ಗೆ ಶಾಲೆಗೆ ಮೊದಲೇ ಅವರೊಟ್ಟಿಗೆ ಪೇಟೆಯ ಮೀನು ಮಾರ್ಕೆಟ್ಟಿಗೆ ಹೋಗಲು ಶುರು ಮಾಡಿದೆ. ಮೀನಿನ ಕಿವಿರು ಎತ್ತಿ ಕೆಂಪು ನೋಡುವುದು, ಬೆರಳಿನಿಂದ ಒತ್ತಿ ನೋಡುವುದು, ಬೆಲೆ ಕೇಳಿ ಎರಡು ಹೆಜ್ಜೆ ಹಿಂದೆ ಸರಿಯುವುದು, ಇದಕ್ಕೆಲ್ಲ ವ್ಯಾಕರಣ ಬೇಡ. ಚಿಗಳಿಯಷ್ಟು ಸಣ್ಣ, ಗಾಜಿನಂಥ ಸಿಗಡಿಗಳು ಕೆಲವೊಮ್ಮೆ ಜೀವಂತ ಸಿಗುತ್ತಿದ್ದವು, ರಾಶಿಯಲ್ಲಿ ಚಿಟಿಚಿಟಿ ಹಾರುತ್ತಿದ್ದವು. ಅವನ್ನು ಸಿಪ್ಪೆಸಮೇತ ಕಡಲೆಹಿಟ್ಟು, ಗೋದಿಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಪಾರ್ಸ್ಲಿ ಸೊಪ್ಪು, ನೀರು ಸೇರಿಸಿ ತೆಳ್ಳಗೆ ಕಲಸುತ್ತಾರೆ. ಕಾದ ಆಲಿವ್ ಎಣ್ಣೆಗೆ ಸೌಟಿನಿಂದ ಹೊಯ್ದರೆ ಹಿಟ್ಟು ಹರಡಿ, ಅಂಚು ಜಾಳುಜಾಳಾಗಿ, ಕೆಂಪಗೆ ಗರಿಗರಿ ಏಳುತ್ತದೆ. ಹಿಟ್ಟು ದಪ್ಪವಾದರೆ ಕೆಟ್ಟಿತು, ತಣ್ಣೀರಿನಲ್ಲೇ ಕಲಸಬೇಕು, ಕಲಸಿ ಫ್ರಿಜ್ಜಿನಲ್ಲಿಡಬೇಕು. ನಾನು ಊರಿಂದ ತಂದಿದ್ದ ಬ್ಯಾಡಗಿ ಮೆಣಸಿನ ಪುಡಿ ಒಂದು ಚಿಟಿಕೆ ಹಾಕೋಣವೇ ಎಂದೆ. ಒಂದು ಸಲಕ್ಕೆ ಎಂದು ಒಪ್ಪಿದರು. ತಿಂದು, ನೀರು ಕುಡಿದು, ಮತ್ತೊಂದು ತಿಂದರು. ತಂಗಿಗೆ ಮಾತ್ರ ಹೇಳಬೇಡ ಎಂದರು.

ಎರಡು ಗಾಳಿಗಳ ಊರು ಅದು. ಪೊನಿಯೆಂತೆ ಎಂದರೆ ಪಡುವಣ ಗಾಳಿ, ಕಡಲಿಂದ ಬರುವ ತಂಪು. ಲೆವಾಂತೆ ಮೂಡಣದ್ದು, ಬಿಸಿ, ಒಣ. ಒಮ್ಮೆ ಶುರುವಾದರೆ ದಿನಗಟ್ಟಲೆ ಬೀಸುತ್ತದೆ. ಲೆವಾಂತೆ ಬಂದರೆ ಮರಳು ಕಾಲಿಗೆ ಸೂಜಿಯಾಗಿ ಚುಚ್ಚುತ್ತದೆ, ಬಟ್ಟೆ ಒಣಹಾಕುವಂತಿಲ್ಲ, ತಲೆ ಕೆಡುತ್ತದೆ. ಎಲ್ಲ ಜಗಳಕ್ಕೂ, ಎಲ್ಲ ಮರೆವಿಗೂ ಊರಿನವರ ಬಳಿ ಅದೊಂದೇ ಸಮಜಾಯಿಷಿ. ಅಂಥದೊಂದು ಲೆವಾಂತೆಯ ರಾತ್ರಿ ನಿದ್ದೆ ಬಾರದೆ ನೀರು ಕುಡಿಯಲು ಎದ್ದೆ. ಹಜಾರದಲ್ಲಿ ಮಡಚುವ ಮಂಚದ ಮೇಲೆ ಒಬ್ಬ ಗಂಡಸು ಮಲಗಿದ್ದ. ಬೆಳಿಗ್ಗೆ ನೋಡಿದರೆ ಮಂಚವೂ ಇಲ್ಲ, ಮನುಷ್ಯನೂ ಇಲ್ಲ.

ಒಡತಿಯ ಮಗ. ನನಗೆ ಕೊಟ್ಟದ್ದು ಅವನ ಕೋಣೆ. ಕಪಾಟಿನ ಮೇಲಿದ್ದ ಕಾದಿಸ್ ಫುಟ್ಬಾಲ್ ತಂಡದ ಹಳದಿ ಶಾಲು, ಗೋಡೆಯಲ್ಲಿ ಕಿತ್ತ ಪೋಸ್ಟರಿನ ಟೇಪಿನ ಗುರುತು, ಇವನ್ನೆಲ್ಲ ನಾನು ಅಷ್ಟು ದಿನ ಮನೆಯ ಅಲಂಕಾರವೆಂದುಕೊಂಡಿದ್ದೆ. ಕೊಲ್ಲಿಯಾಚೆಯ ಪುಯೆರ್ತೊ ರೆಯಾಲ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದು 2007ರಲ್ಲಿ ಮುಚ್ಚಿ ಸಾವಿರದ ಆರುನೂರು ಜನರ ಕೆಲಸ ಹೋಗಿತ್ತು. ಅವನು ಅವರಲ್ಲೊಬ್ಬ. ಮರುವರ್ಷ ದೇಶಕ್ಕೆಲ್ಲ ಆರ್ಥಿಕ ಕುಸಿತ ಬಡಿಯಿತು. ನಾನು ಹೋದ ವರ್ಷ ಸ್ಪೇನಿನಲ್ಲಿ ಐವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ, ಕಾದಿಸ್ ಕಡೆ ಅದಕ್ಕೂ ಕಷ್ಟ. ಹೆಂಡತಿಯ ತವರಿನಲ್ಲಿ ಎಷ್ಟು ದಿನ ಇರುವುದೆಂದು ಮಗ ಅಮ್ಮನ ಮನೆಗೆ ಬಂದಿದ್ದ. ಕೋಣೆ ಬಾಡಿಗೆಗೆ ಹೋಗಿತ್ತು. ವಿದ್ಯಾರ್ಥಿಗಳಿಗೆ ಮುಜುಗರವಾಗಬಾರದೆಂದು ರಾತ್ರಿ ಹನ್ನೆರಡಕ್ಕೆ ಬಂದು ಮಲಗಿ, ನಾವು ಏಳುವ ಮೊದಲು ಮಂಚ ಮಡಚಿ ಹೊರಡುತ್ತಿದ್ದ. ಪುಸ್ತಿಕೆಯ ಭಾಷೆಯಲ್ಲಿ ಕುಟುಂಬದ ಸದಸ್ಯೆ ನಾನು.

ಅಡುಗೆಮನೆಯ ಮೇಜಿನ ಖಾನೆಯಲ್ಲಿ ಒಂದು ಚೌಕುಳಿ ಗೆರೆಯ ನೋಟುಪುಸ್ತಕವಿತ್ತು. ಬಂದು ಹೋದ ಎಲ್ಲ ವಿದ್ಯಾರ್ಥಿಗಳ ಲೆಕ್ಕ ಅದರಲ್ಲಿ. ಹೆಸರು ಬರೆಯುವ ಗೋಜಿಲ್ಲ, ಬರೀ ದೇಶ. ಜಪಾನ್: ಸಂಜೆ ಸ್ನಾನ, ಬಿಸಿನೀರು ಜಾಸ್ತಿ. ಜರ್ಮನಿ: ರಾತ್ರಿ ಬ್ರೆಡ್ ಸಾಕು. ಅಮೆರಿಕ: ಹಾಲು ದಿನಕ್ಕೊಂದು ಲೀಟರು. ಅದರ ಪಕ್ಕ ಶಾಲೆಯಿಂದ ದಿನಕ್ಕೆ ಬರುವ 17 ಯೂರೊ, ಕಳೆಯುವ ಲೆಕ್ಕದಲ್ಲಿ ಮೊಟ್ಟೆ, ಎಣ್ಣೆ, ಗ್ಯಾಸ್, ಬಟ್ಟೆ ಒಗೆಯುವ ಪುಡಿ. ನನ್ನ ಪುಟವನ್ನು ಅವರೇ ತೆಗೆದು ತೋರಿಸಿದರು. "ಇಂಡಿಯಾ: ಮಾಂಸ ಇಲ್ಲ" ಎಂದಿದ್ದದ್ದನ್ನು ಹೊಡೆದು "ಎಲ್ಲ ತಿನ್ನುತ್ತಾಳೆ, ಖಾರ ತಂದಿದ್ದಾಳೆ" ಎಂದು ಬರೆದಿತ್ತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಎಷ್ಟೋ ವರ್ಷ ಈ ಪುಟವನ್ನು ನಾನು ಮಮತೆಯ ಕುರುಹೆಂದು ಸ್ನೇಹಿತರಿಗೆ ಹೇಳಿಕೊಂಡು ಬಂದಿದ್ದೇನೆ. ಈಗ ಅದರ ಬಲಗಡೆಯ ಅಂಕಿಗಳೇ ಹೆಚ್ಚು ಕಣ್ಣಿಗೆ ಕಟ್ಟುತ್ತವೆ. ಅವರು ನನ್ನನ್ನು "ಇಹಾ", ಮಗಳೇ, ಎಂದು ಕರೆಯುತ್ತಿದ್ದರು. ಮೀನಿನಂಗಡಿಯ ಹುಡುಗಿಗೂ, ಬಸ್ಸಿನಲ್ಲಿ ಕಾಲು ತುಳಿದವಳಿಗೂ ಅದೇ ಮಾತು. ಅದರಲ್ಲಿ ಸುಳ್ಳೇನಿಲ್ಲ. ಆದರೆ ಸ್ಪೇನಿನ ಕಡಲತೀರದ ಊರುಗಳಲ್ಲಿ ಬೇಸಿಗೆ ಶಾಲೆಗಳ ವ್ಯಾಪಾರ ನಿಂತಿದ್ದದ್ದು ಇಂಥ ಅಡುಗೆಮನೆಗಳ ಮೇಲೆ. ವ್ಯಾಕರಣಕ್ಕೆ ಸಂಬಳವಿತ್ತು, ಮಮತೆಯನ್ನು 17 ಯೂರೊದೊಳಗೇ ಸೇರಿಸಿಬಿಟ್ಟಿದ್ದರು. ಮೂರು ಹೊತ್ತು ಅಡುಗೆ, ಹಾಸಿಗೆ, ಬಟ್ಟೆ, ಜೊತೆಗೆ ಊಟದ ಹೊತ್ತಿಗೆ ತಿದ್ದಿ ತಿದ್ದಿ ಮಾತು ಕಲಿಸುವುದು. ನನಗೆ ಮಾತು ಬಂದದ್ದು ಆ ಮೇಜಿನಲ್ಲೇ ಹೊರತು ಕನ್ನಡಿಯ ಮುಂದಲ್ಲ. ಆದರೆ ಸರ್ಟಿಫಿಕೇಟಿನಲ್ಲಿ ಸಹಿ ಇರುವುದು ಶಾಲೆಯ ನಿರ್ದೇಶಕರದ್ದು.

ಜುಲೈ 11ರ ರಾತ್ರಿ ವಿಶ್ವಕಪ್ ಫುಟ್ಬಾಲ್ ಫೈನಲ್. ಸ್ಪೇನ್, ಹಾಲೆಂಡ್. ಲಾ ವಿನ್ಯಾದ ಬೀದಿಗೆ ಟಿ.ವಿ.ಗಳನ್ನು ಹೊರಗೆ ತಂದಿಟ್ಟಿದ್ದರು. ಹೆಚ್ಚುವರಿ ಸಮಯದ 116ನೆಯ ನಿಮಿಷದಲ್ಲಿ ಇನಿಯೆಸ್ತಾ ಗೋಲು ಹೊಡೆದಾಗ ಮೇಲಿನ ಮಹಡಿಗಳಿಂದ ಬಕೆಟುಗಟ್ಟಲೆ ನೀರು ಸುರಿಯಿತು. ಮನೆಗೆ ಬಂದರೆ ಡಚ್ ಹುಡುಗನ ಕೋಣೆಯ ಬಾಗಿಲು ಮುಚ್ಚಿತ್ತು. ಹೊಸ್ತಿಲಲ್ಲಿ ತಟ್ಟೆ ಮುಚ್ಚಿದ ಆಲೂಗಡ್ಡೆ ಫ್ರೈ, ಒಂದು ಕ್ಯಾನ್ ಬಿಯರು. "ಸೋತವನ ಹೊಟ್ಟಿ ಎಂತ ಮಾಡಿತ್ತ್, ಪಾಪ" ಎಂದರು ಒಡತಿ. ಅವರು ಪಂದ್ಯ ನೋಡಿರಲಿಲ್ಲ. ಮನೆ ಖಾಲಿಯಿದ್ದ ಆ ಹೊತ್ತಿನಲ್ಲಿ ಕೋಣೆಗಳನ್ನೆಲ್ಲ ಒರೆಸಿ ಮುಗಿಸಿದ್ದರು.

ಹೊರಡುವ ಮುನ್ನ ಒಂದು ಸಂಜೆ "ನಿಮ್ಮೂರ್ ಮರ ತೋರಿಸ್ತೆ" ಎಂದು ಕಾಲೆತಾದ ಎದುರಿನ ಹಳೆಯ ಆಸ್ಪತ್ರೆಯ ಕಟ್ಟಡದ ಮುಂದಕ್ಕೆ ಕರೆದೊಯ್ದರು. ಎರಡು ದೈತ್ಯ ಮರಗಳು. ಬುಡವೇ ಒಂದು ಕೋಣೆಯಷ್ಟು, ಕೊಂಬೆಗಳಿಗೆ ಆಧಾರದ ಕಂಬ. ಇಂಡಿಯಾದಿಂದ ಬರುತ್ತಿದ್ದ ಇಬ್ಬರು ಸನ್ಯಾಸಿನಿಯರಲ್ಲಿ ಒಬ್ಬರು ಈ ಆಸ್ಪತ್ರೆಯಲ್ಲೇ ತೀರಿಕೊಂಡರಂತೆ, ಅವರು ತಂದ ಸಸಿಗಳನ್ನು ಇಲ್ಲಿ ನೆಟ್ಟರಂತೆ. ಊರಿನವರೆಲ್ಲ ಹೇಳುವ ಕಥೆ ಇದು. ಸಸ್ಯಶಾಸ್ತ್ರದವರು ಆ ಜಾತಿ ಆಸ್ಟ್ರೇಲಿಯಾದ್ದು ಎನ್ನುತ್ತಾರೆ. ಎಲೆ, ಬುಡ ನೋಡಿದರೆ ನಮ್ಮ ಆಲದ ದಾಯಾದಿಯೆಂದು ಯಾರಿಗಾದರೂ ತಿಳಿಯುತ್ತದೆ. ನಾನು ಕಾಂಡಕ್ಕೆ ಕೈಯಿಟ್ಟು, ಹೌದು, ನಮ್ಮದೇ ಎಂದೆ. ಅವರಿಗೆ ಅಷ್ಟು ಸಾಕಿತ್ತು.

ಬೆಂಗಳೂರಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಸ್ಪ್ಯಾನಿಶ್ ಮಾತಾಡುವ ಗ್ರಾಹಕರ ಫೋನ್ ಎತ್ತುವ ಒಂದು ಕಚೇರಿಯಲ್ಲಿ. ರಾತ್ರಿ ಪಾಳಿ. ಯಾವ ಊರಿನದ್ದೂ ಅಲ್ಲದ 'ತಟಸ್ಥ' ಸ್ಪ್ಯಾನಿಶ್ ಆಡಬೇಕೆಂದು ತರಬೇತಿ. ಆಯಾಸವಾದಾಗ, ಬೆಳಗಿನ ಜಾವ ಮೂರರ ಸುಮಾರಿಗೆ, ಬಾಯಿ ತನ್ನಷ್ಟಕ್ಕೆ ಕಾದಿಸ್‌ನ ಅಡುಗೆಮನೆಗೆ ಜಾರುತ್ತಿತ್ತು. ಕರೆಗಳನ್ನು ಕೇಳಿ ಅಂಕ ಹಾಕುವವರು ನನ್ನ ಹಾಳೆಯಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು: ಉಚ್ಚಾರ ಅಸ್ಪಷ್ಟ, ಕೊನೆಯ ಅಕ್ಷರ ಕೇಳುವುದಿಲ್ಲ. ತಮಾಷೆಯೆಂದರೆ ಆ ಗ್ರಾಹಕರಲ್ಲಿ ಹೆಚ್ಚಿನವರು ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯದವರು. ಕೊನೆಯ ಸಕಾರವನ್ನು ಅವರೂ ನುಂಗುತ್ತಾರೆ. ಬಿಲ್ಲಿನ ಬಗ್ಗೆ ಸಿಟ್ಟಿನಿಂದ ಕರೆ ಮಾಡಿದ್ದ ಡೊಮಿನಿಕನ್ ಅಜ್ಜಿಯೊಬ್ಬಳು ನಡುವೆ ಮಾತು ನಿಲ್ಲಿಸಿ, "ನೀನು ಯಾವ ದ್ವೀಪದವಳೇ?" ಎಂದಳು. ಆಮೇಲೆ ಬಿಲ್ಲಿನ ಮಾತು ಬರಲೇ ಇಲ್ಲ. ಆ ಕರೆಗೂ ನನಗೆ ಅಂಕ ಕಡಿಮೆಯೇ ಬಿತ್ತು.

ಅಜ್ಜಿಯ ಪ್ರಶ್ನೆಯಲ್ಲಿ ಐನೂರು ವರ್ಷದ ಚರಿತ್ರೆಯಿದೆ. 1493ರಲ್ಲಿ ಕೊಲಂಬಸ್ಸನ ಎರಡನೆಯ ಯಾನದ ಹದಿನೇಳು ಹಡಗು ಹೊರಟದ್ದು ಕಾದಿಸ್‌ನಿಂದ. ಮುಂದೆ ಅಮೆರಿಕದ ವ್ಯಾಪಾರವನ್ನು ನೋಡಿಕೊಳ್ಳುವ ಕಚೇರಿಯನ್ನೇ 1717ರಲ್ಲಿ ಸೆವಿಲ್ಲೆಯಿಂದ ಕಾದಿಸ್‌ಗೆ ತಂದರು. ಮೊದಮೊದಲು ಕೆರಿಬಿಯನ್‌ಗೆ ಹೋಗಿ ನೆಲೆಸಿದವರಲ್ಲಿ ಆಂದಲೂಸಿಯಾದವರು ಬಹಳ. ನಾವಿಕರು, ಬಡಗಿಗಳು, ಅಡುಗೆಯವರ ಜೊತೆ ಅಕ್ಷರ ನುಂಗುವ ಮಾತೂ ಹಡಗು ಹತ್ತಿತು. ಹಾಗಾಗಿ ಇವತ್ತು ಲೋಕದಲ್ಲಿ ಸ್ಪ್ಯಾನಿಶ್ ಆಡುವವರ ಪೈಕಿ ಹಲ್ಲಿನ ನಡುವೆ ನಾಲಿಗೆ ಇಡುವವರೇ ಸಣ್ಣ ಪಂಗಡ. ನಮ್ಮ ಶಾಲೆಯ ಕನ್ನಡಿ ಯಾರಿಗಾಗಿ ಇತ್ತೋ!

2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಸ್ಪ್ಯಾನಿಶ್ ಭಾಷಾ ಸಮ್ಮೇಳನ ಕಾದಿಸ್‌ನಲ್ಲಿ ನಡೆಯಿತು. ಪೆರುವಿನ ಅರೆಕೀಪಾದಲ್ಲಿ ಆಗಬೇಕಿದ್ದದ್ದು, ಅಲ್ಲಿ ಗಲಭೆಯೆದ್ದು ಇಲ್ಲಿಗೆ ಬಂತು. ರಾಜ, ರಾಣಿ ಬಂದು ಉದ್ಘಾಟಿಸಿದ್ದು ಫಾಯಾ ರಂಗಮಂದಿರದಲ್ಲಿ. ಅದೇ ವೇದಿಕೆಯಲ್ಲಿ ಪ್ರತಿ ವರ್ಷ ಕಾರ್ನಿವಲ್ ತಂಡಗಳು ಊರಿನ ಅಚ್ಚ ಮಾತಿನಲ್ಲಿ ಮಂತ್ರಿಗಳನ್ನೂ ಬಿಷಪ್ಪರನ್ನೂ ರಾಜನನ್ನೂ ಲೇವಡಿ ಮಾಡಿ ಹಾಡುತ್ತವೆ. ಫ್ರಾಂಕೋ 1937ರಲ್ಲಿ ಆ ಕಾರ್ನಿವಲ್ಲನ್ನೇ ನಿಷೇಧಿಸಿದ್ದ. ತನ್ನದೇ ಹೆಸರಿನಲ್ಲಿ ಅದು ಮರಳಿದ್ದು 1977ಕ್ಕೆ. ಸಮ್ಮೇಳನದ ಸುದ್ದಿ ನೋಡಿ ಒಡತಿಗೆ ಫೋನ್ ಮಾಡಿದೆ. "ಈಗ ನಮ್ಮ್ ಮಾತ್ ಚಂದ ಅಂಬ್ರ್ ಹೆಣೆ. ಆವತ್ತ್ ದೂರ್ ಕೊಟ್ಟವ ಎಲ್ಲಿದ್ನೋ!" ಎಂದರು.

ನಮ್ಮಲ್ಲೂ ಅಷ್ಟೇ. 2019ರಿಂದ ಆಸಾಡಿ ಅಮಾಸಿಗೆ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತೇವೆ. 2022ರಲ್ಲಿ 'ಕಾಂತಾರ' ಬಂದ ಮೇಲಂತೂ ಪಿ.ಜಿ.ಯಲ್ಲಿ ನಕ್ಕಿದ್ದ ಗೆಳತಿಯರೇ ಫೋನಿನಲ್ಲಿ ಕರಾವಳಿಯ ರಾಗ ಎಳೆಯುತ್ತಾರೆ. ಸಂತೋಷವೇ. ಆದರೆ ಮಾತಿಗೆ ಮರ್ಯಾದೆ ಬಂದ ಹೊತ್ತಿಗೆ ಆಡುವವರು ಊರು ಬಿಟ್ಟಿರುತ್ತಾರೆ ಎಂಬುದನ್ನು ಎರಡೂ ಕಡೆ ಕಂಡಿದ್ದೇನೆ. 1990ರ ದಶಕದಲ್ಲಿ ಒಂದೂವರೆ ಲಕ್ಷ ಮೀರಿದ್ದ ಕಾದಿಸ್‌ನ ಜನಸಂಖ್ಯೆ ಈಗ 1.1 ಲಕ್ಷದ ಆಸುಪಾಸಿಗೆ ಇಳಿದಿದೆ. ಸುತ್ತ ನೀರಿರುವ ಊರಿಗೆ ಬೆಳೆಯಲು ಜಾಗವಿಲ್ಲ. ಇರುವ ಮನೆಗಳು ಒಂದೊಂದಾಗಿ ಪ್ರವಾಸಿಗರ ವಸತಿಯಾಗುತ್ತಿವೆ.

ಆ ಮನೆ ಒಡತಿಯ ಸ್ವಂತದ್ದಾಗಿರಲಿಲ್ಲ. ನಾವು ಒಡತಿ ಎನ್ನುತ್ತಿದ್ದೆವಷ್ಟೇ, ಅವರೂ ಬಾಡಿಗೆಯವರೇ. ಗಂಡನ ಕಾಲದ ಹಳೆಯ ಕರಾರು, ಕಡಿಮೆ ಬಾಡಿಗೆ. ಕಟ್ಟಡ ಮಾರಾಟವಾಯಿತು. ಹೊಸ ಯಜಮಾನ ಕೈಗೊಂದಿಷ್ಟು ದುಡ್ಡು ಕೊಟ್ಟು ಎಲ್ಲರನ್ನೂ ಎಬ್ಬಿಸಿದ. ಅವರೀಗ ತಂಗಿಯೊಡನೆ ಪುಯೆರ್ತೊ ರೆಯಾಲ್‌ನಲ್ಲಿ, ಮಗನ ಕಾರ್ಖಾನೆ ಇದ್ದ ಊರಿನಲ್ಲೇ ಇದ್ದಾರೆ. ಮಂಡಿನೋವು ಇಲ್ಲದ ದಿನ ಹೊಸ ಸೇತುವೆಯ ಮೇಲಿನ ಬಸ್ಸು ಹಿಡಿದು ಬಿಂಗೊ ಆಡಲು ಕಾಲೆತಾಕ್ಕೆ ಬರುತ್ತಾರಂತೆ. ಕುರ್ಚಿ ಹೊತ್ತು ತರಲು ಆಗುವುದಿಲ್ಲ, ಬೇರೆಯವರದ್ದರಲ್ಲಿ ಕೂರುವುದು. ಬಾವಿಕಟ್ಟೆಯ ಫೋಟೊ ಕಳಿಸಿದಾಗ ಅವರಿಂದ ಬಂದ ಉತ್ತರ ಒಂದು ಧ್ವನಿ ಸಂದೇಶ, ಪೂರ್ತಿ ಬೈಗುಳ. ಈ ಸಲ ಪ್ರತಿಯೊಂದೂ ಅರ್ಥವಾಯಿತು.

ಇದನ್ನೆಲ್ಲ ಬರೆಯುವಷ್ಟರಲ್ಲಿ ಅಣ್ಣ ಊರಿನ ಹಳೆಯ ಮನೆಯನ್ನು ಹೋಂಸ್ಟೇ ಮಾಡುವ ಯೋಚನೆಯಲ್ಲಿದ್ದಾನೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರಿಗೆ ಕಡಲು, ನಾಲ್ಕು ಕೋಣೆ, "ಮನೆ ಊಟ". ಜಾಹೀರಾತಿಗೆ ಒಳ್ಳೆಯ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡು ಎಂದ. ಗಣೇಶ ಚೌತಿಗೆ ಹೋದಾಗ ಅತ್ತಿಗೆ ಹಿಂದಿನ ಜಗಲಿಯಲ್ಲಿ ಕೂತು ಬಂಗುಡೆ ಕೊಯ್ಯುವ ಮೆಟ್ಟುಗತ್ತಿ ತಿಕ್ಕುತ್ತಿದ್ದರು. ಹಬ್ಬ ಮುಗಿಯುವವರೆಗೆ ಅದಕ್ಕೆ ರಜೆ. ಆ ಮನೆ ಊಟಕ್ಕೆ ಅಡುಗೆ ಮಾಡುವವರು ಯಾರೆಂದು ಅಣ್ಣ ಇನ್ನೂ ಅವರಿಗೆ ಹೇಳಿದಂತಿರಲಿಲ್ಲ, ಆದರೆ ಅವರಿಗೆ ಗೊತ್ತಾಗಿತ್ತು. ನಾನು ಕಾದಿಸ್‌ನ ಕಥೆ ಹೇಳಿದೆ. ಸಿಗಡಿ, ಲೆವಾಂತೆ, ಹವಾನಾ, ರಾಜ–ರಾಣಿ ಎಲ್ಲ ಹೇಳಿದರೂ ಅವರು ಕತ್ತಿಯಿಂದ ಕಣ್ಣೆತ್ತಲಿಲ್ಲ. ನೋಟುಪುಸ್ತಕದ ಮಾತು ಬಂದಾಗ ಕೈ ನಿಲ್ಲಿಸಿದರು.

"ಆ ಹೆಂಗ್ಸಿಗೆ ದಿನಕ್ಕ್ ಎಷ್ಟ್ ಸಿಕ್ತಿತ್ತ್?"

17 ಯೂರೊ, ಆಗಿನ ಲೆಕ್ಕದಲ್ಲಿ ಸಾವಿರ ರೂಪಾಯಿ ಎಂದೆ. ಮೂರು ಹೊತ್ತಿನ ಊಟ, ಬಟ್ಟೆ ಒಗೆಯುವುದು ಸೇರಿ.

"ಬಟ್ಟಿ ನಾ ಒಗುದಿಲ್ಲ" ಎಂದರು ಅತ್ತಿಗೆ. "ಮೀನಿಂದ್ ಬೇರೆ ಲೆಕ್ಕ ಮಾಡ್ಕ್. ಅಂಜಲ್ ರೇಟ್ ಎಷ್ಟಾಯ್ತ್ ಗೊತ್ತಿತ್ತಾ ನಿಂಗೆ? ಅದನ್ನ್ ಮೊದ್ಲ್ ಬರಿ."